ಹೆಚ್ಚು ಇಳುವರಿಯ ಅಣಬೆ: ಕಿರಣ ತಾಗಿಸಿ ತಳಿ ಹುಡುಕುವ ಬಗೆ



ಅಣಬೆ ಬೇಸಾಯದ ಬಗ್ಗೆ ಅರ್ಧ ಗಂಟೆಯ ಮಾತುಕತೆಯೊಂದನ್ನು ಸಿದ್ಧಪಡಿಸುವಾಗ ಮಂಡ್ಯ ಜಿಲ್ಲೆಯ ಒಂದು ಹಳ್ಳಿಗೆ ಚಿತ್ರೀಕರಣಕ್ಕೆ ಹೋಗಿದ್ದೆವು. ತೆಂಗಿನ ಗರಿ ಹೊದಿಸಿದ ಸಣ್ಣ ಕೊಠಡಿ. ಒಳಗೆ ಹಗ್ಗದ ನೆಲುವುಗಳಲ್ಲಿ ಭತ್ತದ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು ತೂಗುತ್ತಿದ್ದವು. ಚೀಲದ ತೂತುಗಳಿಂದ ಬಿಳಿಯ ಚಿಪ್ಪು ಅಣಬೆಗಳು ಗೊಂಚಲು ಗೊಂಚಲಾಗಿ ಹೊರಬಂದಿದ್ದವು. ನೋಡಲು ಬಲು ಚೆಂದ. ಆದರೆ ಅರ್ಧ ಗಂಟೆ ಕಳೆಯುವುದರೊಳಗೆ ನಮ್ಮ ಕ್ಯಾಮೆರಾದವರು, 'ಚಿತ್ರ ಮಂಜಾಗಿ ಬರುತ್ತಿದೆ' ಎಂದರು. ಲೆನ್ಸಿನ ಮೇಲೆ ಬೆರಳಾಡಿಸಿದರೆ ಟಾಲ್ಕಂ ಪೌಡರಿನಂಥ ನಯವಾದ ಬಿಳಿ ಪುಡಿ.

ಅಣಬೆ ಬೆಳೆಯುತ್ತಿದ್ದ ತಾಯಿ ನಕ್ಕು ಹೇಳಿದರು: 'ಅದು ಅಣಬೆದೇ ಪುಡಿ ಸಾರ್. ನಿಮ್ ಕ್ಯಾಮೆರಾ ಒರೆಸ್ಕೋಬೌದು. ನಮ್ಗೆ ಬೆಳಿಗ್ಗೆ ಕಿತ್ರೆ ಸಂಜೆಗೆ ಕೆಮ್ಮು, ಮೈ ಬಿಸಿ. ಮೂಗಿಗೆ ಬಟ್ಟೆ ಕಟ್ಕೊಂಡ್ರೂ ಬಿಡಲ್ಲ. ಹಂಗಂತ ಬಿಟ್ರೆ ಸಂಘದ ಸಾಲ ತೀರ್ಸೋದು ಹೆಂಗೆ?'

ಆ ಮಾತು ಕಾರ್ಯಕ್ರಮದಲ್ಲಿ ಪ್ರಸಾರವಾಯಿತು. ಆದರೆ ಅದರ ಹಿಂದಿನ ವಿಜ್ಞಾನವನ್ನು ಹೇಳಲು ಸಮಯ ಉಳಿಯಲಿಲ್ಲ. ಹೆಚ್ಚು ಇಳುವರಿಯ ಅಣಬೆ ತಳಿಯನ್ನು ಹೇಗೆ ಪಡೆಯುತ್ತಾರೆ? ಕಿರಣ ಹಾಯಿಸಿ ಪಡೆಯುತ್ತಾರೆಂಬುದು ನಿಜವೆ? ಹಾಗೆ ಪಡೆದದ್ದನ್ನು ತಿನ್ನಬಹುದೆ? ಆ ತಾಯಿಯ ಕೆಮ್ಮಿಗೂ ಇದಕ್ಕೂ ಏನು ಸಂಬಂಧ? ಒಂದೊಂದಾಗಿ ನೋಡೋಣ ಬನ್ನಿ.

ಕೊಡೆಯ ಕೆಳಗಿನ ಪ್ರಪಂಚ

ಅಣಬೆ ಒಂದು ಶಿಲೀಂಧ್ರ. ಅದರಲ್ಲಿ ಹಸಿರು ಪತ್ರಹರಿತ್ತು ಇಲ್ಲ. ಆದ್ದರಿಂದ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳಲಾರದು. ಹುಲ್ಲು, ಮರದ ಹೊಟ್ಟು, ಕೊಳೆತ ಗೊಬ್ಬರ ಇವುಗಳಲ್ಲಿರುವ ಸೆಲ್ಯುಲೋಸ್, ಲಿಗ್ನಿನ್ ಮುಂತಾದ ಗಟ್ಟಿ ಪದಾರ್ಥಗಳನ್ನು ತನ್ನ ಕಿಣ್ವಗಳಿಂದ ಕರಗಿಸಿ ಹೀರಿಕೊಳ್ಳುತ್ತದೆ. ಈ ಕೆಲಸ ಮಾಡುವುದು ನಾವು ತಿನ್ನುವ ಕೊಡೆಯಲ್ಲ. ಹುಲ್ಲಿನೊಳಗೆ ಹತ್ತಿಯ ನೂಲಿನಂತೆ ಹರಡಿಕೊಂಡಿರುವ ಬಿಳಿ ಎಳೆಗಳ ಜಾಲ. ಇದನ್ನು ಕವಕಜಾಲ ಎನ್ನುತ್ತೇವೆ. ಮಾವಿನ ಮರಕ್ಕೆ ಹಣ್ಣು ಹೇಗೋ ಕವಕಜಾಲಕ್ಕೆ ಕೊಡೆ ಹಾಗೆ.

ಕೊಡೆಯನ್ನು ತಿರುವಿ ನೋಡಿದರೆ ಪುಸ್ತಕದ ಹಾಳೆಗಳಂತೆ ಕಿವಿರುಗಳು ಕಾಣುತ್ತವೆ. ಅವುಗಳ ಮೇಲೆ ಬೀಜಕಗಳು ಹುಟ್ಟುತ್ತವೆ. ಬಲಿತ ಅಣಬೆಯೊಂದು ಕೋಟಿಗಟ್ಟಲೆ ಬೀಜಕಗಳನ್ನು ಗಾಳಿಗೆ ಬಿಡುತ್ತದೆ. ನಮ್ಮ ಲೆನ್ಸಿನ ಮೇಲೆ ಕೂತಿದ್ದ ಪುಡಿ ಇದೇ. ಮುಚ್ಚಿದ ಕೊಠಡಿಯಲ್ಲಿ ದಿನವೂ ಇದನ್ನು ಉಸಿರಾಡುವ ಕೆಲವರಿಗೆ ಕೆಮ್ಮು, ಉಬ್ಬಸ, ಜ್ವರ ತರುವ ಅಲರ್ಜಿ ಬರುತ್ತದೆ. ಇದು ಹಲವು ದೇಶಗಳ ವೈದ್ಯರು ಗುರುತಿಸಿರುವ ಕಾಯಿಲೆ.

ಇಳುವರಿ ಅಳೆಯುವ ಬಗೆ

ಅಣಬೆಯ ಇಳುವರಿಯನ್ನು ಎಕರೆಯ ಲೆಕ್ಕದಲ್ಲಿ ಹೇಳುವುದಿಲ್ಲ. ಒಣ ಹುಲ್ಲಿನ ತೂಕಕ್ಕೆ ಸಿಕ್ಕಿದ ಹಸಿ ಅಣಬೆಯ ತೂಕ ಶೇಕಡಾ ಎಷ್ಟು ಎಂದು ಹೇಳುತ್ತಾರೆ. ಇದಕ್ಕೆ ಜೈವಿಕ ದಕ್ಷತೆ ಎಂದು ಹೆಸರು. ಒಂದು ಕಿಲೋ ಒಣ ಹುಲ್ಲಿನಿಂದ 700 ಗ್ರಾಂ ಹಸಿ ಅಣಬೆ ಬಂದರೆ ಜೈವಿಕ ದಕ್ಷತೆ ಶೇ. 70. ಇದು ಕೆಲವೊಮ್ಮೆ ಶೇ. 100ನ್ನೂ ದಾಟುವುದುಂಟು. ಒಂದು ಕಿಲೋ ಹುಲ್ಲಿನಿಂದ ಒಂದು ಕಿಲೋಗಿಂತ ಹೆಚ್ಚು ಅಣಬೆಯೇ ಎಂದು ಹುಬ್ಬೇರಿಸಬೇಡಿ. ಹಸಿ ಅಣಬೆಯಲ್ಲಿ ಸುಮಾರು ಶೇ. 90 ಭಾಗ ನೀರು. ಹುಲ್ಲನ್ನು ತೂಗಿದ್ದು ಒಣಗಿದ್ದಾಗ.

ಇಳುವರಿಗೆ ಹುಲ್ಲಿನ ಗುಣ, ಶುಚಿ, ತೇವ, ಉಷ್ಣತೆ ಎಲ್ಲವೂ ಕಾರಣ. ಆದರೆ ಎಲ್ಲವನ್ನೂ ಸರಿಯಾಗಿಟ್ಟರೂ ಒಂದು ಮಿತಿಯಾಚೆಗೆ ಇಳುವರಿ ಏರುವುದಿಲ್ಲ. ಆ ಮಿತಿಯನ್ನು ಹಾಕುವುದು ತಳಿಯ ಆನುವಂಶಿಕ ಗುಣ. ಅದನ್ನು ಮೀರಬೇಕಾದರೆ ತಳಿಯನ್ನೇ ಬದಲಿಸಬೇಕು.

ಉತ್ಪರಿವರ್ತನೆ ಎಂದರೇನು?

ಜೀವಿಯ ಗುಣಗಳೆಲ್ಲ ಡಿಎನ್ಎ ಎಂಬ ಅಣುವಿನಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಆ ಲಿಪಿಯಲ್ಲಿ ಒಂದು ಅಕ್ಷರ ಬದಲಾಗಬಹುದು, ಬಿಟ್ಟುಹೋಗಬಹುದು, ಹೊಸದಾಗಿ ಸೇರಬಹುದು, ತುಂಡೊಂದು ತಿರುಗುಮುರುಗಾಗಿ ಕೂಡಿಕೊಳ್ಳಬಹುದು. ಇಂಥ ಬದಲಾವಣೆಯೇ ಉತ್ಪರಿವರ್ತನೆ.

ಇದು ಪ್ರಕೃತಿಯಲ್ಲಿ ತಾನಾಗಿಯೇ ನಡೆಯುತ್ತಿರುತ್ತದೆ. ಅಂಗಡಿಯಲ್ಲಿ ಸಿಗುವ ಬೆಳ್ಳನೆಯ ಗುಂಡಿ ಅಣಬೆಯನ್ನೇ ನೋಡಿ. ಅದರ ಹಿರೀಕರು ಕಂದು ಬಣ್ಣದವರು. 1926ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಬೆಳೆಗಾರರೊಬ್ಬರ ಮಡಿಯಲ್ಲಿ ಬಣ್ಣದ ಅಣಬೆಗಳ ನಡುವೆ ಬಿಳಿಯದೊಂದು ಗೊಂಚಲು ಎದ್ದಿತು. ಅವರು ಅದನ್ನು ಎಸೆಯದೆ ಬೇರೆಯಾಗಿ ಬೆಳೆಸಿದರು. ಇಂದಿನ ಬಿಳಿ ಗುಂಡಿ ಅಣಬೆಗಳ ವಂಶ ಅಲ್ಲಿಂದ ಹರಡಿತು.

ಆದರೆ ತಾನಾಗಿ ಆಗುವ ಉತ್ಪರಿವರ್ತನೆ ತೀರ ಅಪರೂಪ. ಅದನ್ನು ಹೆಚ್ಚಿಸಬಹುದೆಂದು 1927ರಲ್ಲಿ ಹರ್ಮನ್ ಮುಲ್ಲರ್ ತೋರಿಸಿದರು. ಹಣ್ಣುನೊಣಗಳ ಮೇಲೆ ಎಕ್ಸ್ ಕಿರಣ ಹಾಯಿಸಿದಾಗ ಉತ್ಪರಿವರ್ತನೆಗಳು ಹಲವು ಪಟ್ಟು ಏರಿದವು. 1946ರ ನೊಬೆಲ್ ಬಹುಮಾನ ಅವರಿಗೆ ಸಂದಿತು. 1941ರಲ್ಲಿ ಬೀಡಲ್ ಮತ್ತು ಟೇಟಮ್ ಎಂಬ ವಿಜ್ಞಾನಿಗಳು ನ್ಯೂರೋಸ್ಪೋರಾ ಎಂಬ ಶಿಲೀಂಧ್ರಕ್ಕೆ ಎಕ್ಸ್ ಕಿರಣ ತಾಗಿಸಿ, ಒಂದು ಜೀನ್ ಕೆಟ್ಟರೆ ಒಂದು ಕಿಣ್ವದ ಕೆಲಸ ನಿಲ್ಲುತ್ತದೆಂದು ಕಂಡುಕೊಂಡರು.

ಶಿಲೀಂಧ್ರಗಳಲ್ಲಿ ಈ ವಿಧಾನದ ದೊಡ್ಡ ಗೆಲುವು ಅಣಬೆಯದಲ್ಲ, ಪೆನಿಸಿಲಿನ್‌ನದು. 1943ರಲ್ಲಿ ಅಮೆರಿಕದ ಪಿಯೋರಿಯ ಪಟ್ಟಣದಲ್ಲಿ ಬೂಸಲು ಹಿಡಿದ ಕರಬೂಜದ ಹಣ್ಣಿನಿಂದ ಒಂದು ಒಳ್ಳೆಯ ಪೆನಿಸಿಲಿಯಂ ತಳಿ ಸಿಕ್ಕಿತು. ಅದರ ಸಂತತಿಗೆ ಒಂದು ಕಡೆ ಎಕ್ಸ್ ಕಿರಣ, ಇನ್ನೊಂದು ಕಡೆ ನೇರಳಾತೀತ ಕಿರಣ ತಾಗಿಸಿ, ಪ್ರತಿ ಸಲವೂ ಹೆಚ್ಚು ಔಷಧ ಕೊಡುವುದನ್ನೇ ಆರಿಸುತ್ತ ಹೋದರು. ಇಳುವರಿ ಹಲವು ಪಟ್ಟಾಯಿತು, ಔಷಧ ಅಗ್ಗವಾಯಿತು.

ನಮ್ಮ ದೇಶದಲ್ಲೂ ಈ ದಾರಿ ಹೊಸದಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗಾಮಾ ಕಿರಣ ತಾಗಿಸಿ ಪಡೆದ 'ಶರಬತಿ ಸೊನೋರಾ' ಗೋಧಿ 1967ರಲ್ಲಿ ಬಂತು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಶೇಂಗಾ ತಳಿಗಳನ್ನು ನಮ್ಮ ರೈತರೂ ಬೆಳೆದಿದ್ದಾರೆ.

ಅಣಬೆಯ ತೊಡಕು: ಒಂದು ಕೋಶ, ಎರಡು ಕೇಂದ್ರ

ಹಾಗಾದರೆ ಕವಕಜಾಲದ ಮೇಲೆ ಕಿರಣ ಬಿಟ್ಟರೆ ಸಾಕಲ್ಲವೆ? ಸಾಲದು. ಚಿಪ್ಪು ಅಣಬೆಯ ಬೀಜಕ ಮೊಳೆತಾಗ ಬರುವ ಎಳೆಯ ಪ್ರತಿ ಕೋಶದಲ್ಲಿ ಒಂದೇ ಕೋಶಕೇಂದ್ರ ಇರುತ್ತದೆ. ಇಂಥ ಎಳೆ ಸಾಮಾನ್ಯವಾಗಿ ಕೊಡೆ ಬಿಡುವುದಿಲ್ಲ. ಹೊಂದಾಣಿಕೆಯಾಗುವ ಇನ್ನೊಂದು ಎಳೆ ಸಿಕ್ಕರೆ ಎರಡೂ ಕೂಡಿಕೊಳ್ಳುತ್ತವೆ. ಆದರೆ ಕೇಂದ್ರಗಳು ಬೆರೆಯದೆ, ಒಂದೇ ಮನೆಯಲ್ಲಿ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಂತೆ, ಒಂದೊಂದು ಕೋಶದಲ್ಲೂ ಜೊತೆಜೊತೆಯಾಗಿ ಉಳಿಯುತ್ತವೆ. ಕೊಡೆ ಬಿಡುವುದು ಈ ಜೋಡಿ ಎಳೆ.

ತೊಡಕು ಇಲ್ಲೇ. ಕಿರಣದಿಂದ ಒಂದು ಕೇಂದ್ರದ ಜೀನ್ ಬದಲಾದರೂ ಇನ್ನೊಂದು ಕೇಂದ್ರದ ಸರಿಯಾದ ಜೀನ್ ಕೆಲಸ ನಡೆಸಿಬಿಡುತ್ತದೆ. ಬದಲಾವಣೆ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಸಂಶೋಧಕರು ಒಂಟಿ ಕೇಂದ್ರದ ಬೀಜಕಗಳನ್ನೋ, ಗೋಡೆ ಕರಗಿಸಿದ ಕೋಶಗಳನ್ನೋ ಆರಿಸಿಕೊಳ್ಳುತ್ತಾರೆ. ಅವುಗಳಿಗೆ ಕಿರಣ ತಾಗಿಸಿ, ಆಮೇಲೆ ತಕ್ಕ ಜೋಡಿಯೊಡನೆ ಕೂಡಿಸುತ್ತಾರೆ. ಚಿಪ್ಪು ಅಣಬೆಯಲ್ಲಿ ಒಂದೇ ಕೊಡೆಯ ಯಾವುದೇ ಎರಡು ಬೀಜಕಗಳು ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಕೂಡಿಕೆ ಆಯಿತೆನ್ನುವುದಕ್ಕೆ ಸೂಕ್ಷ್ಮದರ್ಶಕದಲ್ಲಿ ಗುರುತು ಸಿಗುತ್ತದೆ: ಎಳೆಯ ಪಕ್ಕದಲ್ಲಿ ಪುಟ್ಟ ಕೊಕ್ಕೆಯಂಥ ಉಬ್ಬು.

ಗುಂಡಿ ಅಣಬೆಯ ಕಷ್ಟ ಇನ್ನೂ ಹೆಚ್ಚು. ಅದರ ಹೆಚ್ಚಿನ ಬೀಜಕಗಳಲ್ಲಿ ಮೊದಲೇ ಎರಡು ಕೇಂದ್ರಗಳು ಕೂತಿರುತ್ತವೆ. ಒಂಟಿ ಕೇಂದ್ರದ ಬೀಜಕ ಹುಡುಕುವುದೇ ಸಾಹಸ. ನೆದರ್ಲೆಂಡ್ಸ್‌ನ ಹೋರ್ಸ್ಟ್ ಕೇಂದ್ರದಲ್ಲಿ ಗೆರ್ಡಾ ಫ್ರಿಟ್ಶೆ ಎಂಬ ವಿಜ್ಞಾನಿ ಆ ಸಾಹಸ ಮಾಡಿ, 1980ರ ದಶಕದ ಆರಂಭದಲ್ಲಿ ಮೊದಲ ವಾಣಿಜ್ಯ ಸಂಕರ ತಳಿಗಳನ್ನು ಕೊಟ್ಟರು. ಆಮೇಲೆ ಬಂದ ಬಹುತೇಕ ಬಿಳಿ ತಳಿಗಳು ಅವುಗಳದೇ ಪ್ರತಿಗಳು ಅಥವಾ ಹತ್ತಿರದ ನೆಂಟರು. ಎಲ್ಲ ಒಂದೇ ಬಗೆಯಾದರೆ ಒಂದು ರೋಗ ಬಂದಾಗ ಎಲ್ಲವೂ ಒಟ್ಟಿಗೆ ಬೀಳುವ ಅಪಾಯವಿದೆ. ಹೊಸ ವೈವಿಧ್ಯ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಯೋಗಾಲಯದಲ್ಲಿ

ಕಿರಣ ತಾಗಿಸುವ ಕೆಲಸ ಮಾತ್ರ ನೋಡಲು ಸರಳ. ಬೀಜಕಗಳನ್ನು ಶುದ್ಧ ನೀರಿನಲ್ಲಿ ಕಲಸಿ, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ನೇರಳಾತೀತ ದೀಪದ ಕೆಳಗೆ ಇಡುತ್ತಾರೆ. ದೀಪದ ಕಿರಣದ ತರಂಗಾಂತರ ಸುಮಾರು 254 ನ್ಯಾನೊಮೀಟರ್. ಡಿಎನ್ಎ ಅತಿ ಹೆಚ್ಚಾಗಿ ಹೀರಿಕೊಳ್ಳುವುದು 260ರ ಆಸುಪಾಸಿನ ಕಿರಣವನ್ನು. ಆದ್ದರಿಂದ ಹೊಡೆತ ನೇರವಾಗಿ ಅಲ್ಲಿಗೇ ಬೀಳುತ್ತದೆ. ಅಕ್ಕಪಕ್ಕದ ಎರಡು ಥೈಮಿನ್ ಅಕ್ಷರಗಳು ಅಂಟಿಕೊಳ್ಳುತ್ತವೆ. ಕೋಶ ಅದನ್ನು ಸರಿಪಡಿಸಲು ಹೋಗಿ ಕೆಲವೊಮ್ಮೆ ತಪ್ಪು ಅಕ್ಷರ ಬರೆಯುತ್ತದೆ. ಆ ತಪ್ಪೇ ಉತ್ಪರಿವರ್ತನೆ.

ಇಲ್ಲೊಂದು ಸ್ವಾರಸ್ಯವಿದೆ. ಕಿರಣ ತಾಗಿಸಿದ ತಟ್ಟೆಗಳನ್ನು ಕೂಡಲೇ ಕತ್ತಲಲ್ಲಿ ಇಡಬೇಕು. 1949ರಲ್ಲಿ ಆಲ್ಬರ್ಟ್ ಕೆಲ್ನರ್ ಎಂಬ ವಿಜ್ಞಾನಿ, ನೇರಳಾತೀತ ಕಿರಣದಿಂದ ಸಾಯಬೇಕಾಗಿದ್ದ ಸೂಕ್ಷ್ಮಜೀವಿಗಳು ಸಾಧಾರಣ ಬೆಳಕಿಗೆ ಬಂದಾಗ ಚೇತರಿಸಿಕೊಳ್ಳುವುದನ್ನು ಕಂಡರು. ಬೆಳಕಿನ ಬಲದಿಂದ ಕೆಲಸ ಮಾಡುವ ಕಿಣ್ವವೊಂದು ಅಂಟಿದ ಥೈಮಿನ್‌ಗಳನ್ನು ಬಿಡಿಸಿಬಿಡುತ್ತದೆ. ಕಿಟಕಿಯ ಬೆಳಕು ಬಿದ್ದರೆ ಮಾಡಿದ ಕೆಲಸವೆಲ್ಲ ಅಳಿಸಿಹೋದೀತು!

ಕೋಬಾಲ್ಟ್-60ರಿಂದ ಬರುವ ಗಾಮಾ ಕಿರಣಗಳು ಇನ್ನೂ ಬಲಶಾಲಿ. ಅವು ಡಿಎನ್ಎ ಎಳೆಗಳನ್ನೇ ತುಂಡರಿಸುತ್ತವೆ. ಇಎಂಎಸ್‌ನಂಥ ರಾಸಾಯನಿಕಗಳನ್ನೂ ಬಳಸುವುದುಂಟು. ಯಾವುದನ್ನು ಬಳಸಿದರೂ ಪ್ರಮಾಣ ಮುಖ್ಯ. ಕಡಿಮೆಯಾದರೆ ಏನೂ ಆಗದು, ಹೆಚ್ಚಾದರೆ ಏನೂ ಉಳಿಯದು. ಹತ್ತು ಲಕ್ಷ ಬೀಜಕಗಳಲ್ಲಿ ಶೇ. 99 ಸತ್ತವೆನ್ನಿ. ಉಳಿಯುವುದು ಹತ್ತು ಸಾವಿರ. ಅವುಗಳಲ್ಲಿ ಹೆಚ್ಚಿನವು ಮೊದಲಿನಂತೆಯೇ ಇರುತ್ತವೆ. ಬದಲಾದವುಗಳಲ್ಲಿ ಹೆಚ್ಚಿನವು ಮೊದಲಿಗಿಂತ ಕೆಟ್ಟದಾಗಿರುತ್ತವೆ. ಏಕೆಂದರೆ ಕಿರಣಕ್ಕೆ ಗುರಿಯಿಲ್ಲ. ಕಣ್ಣು ಕಟ್ಟಿಕೊಂಡು ಗಡಿಯಾರಕ್ಕೆ ಸೂಜಿ ಚುಚ್ಚಿದರೆ ಅದು ಸರಿಹೋಗುವುದಕ್ಕಿಂತ ಕೆಡುವುದೇ ಹೆಚ್ಚು. ಎಲ್ಲೋ ಒಂದು ಮಾತ್ರ ಉತ್ತಮವಾಗಿರಬಹುದು.

ಆರಿಸುವುದೇ ನಿಜವಾದ ಕೆಲಸ

ಆ ಒಂದನ್ನು ಗುರುತಿಸುವುದು ಹೇಗೆ? ಪೆಟ್ರಿ ತಟ್ಟೆಯಲ್ಲಿ ಬೇಗ ಹರಡುವುದನ್ನು ಮೊದಲು ಆರಿಸುತ್ತಾರೆ. ಹುಲ್ಲು ಕರಗಿಸುವ ಕಿಣ್ವಗಳನ್ನು ಅಳೆಯುತ್ತಾರೆ. ಆದರೆ ತಟ್ಟೆಯಲ್ಲಿ ಓಡುವುದೆಲ್ಲ ಚೀಲದಲ್ಲಿ ಫಲ ಕೊಡುತ್ತದೆಂಬ ಖಾತರಿಯಿಲ್ಲ. ಆದ್ದರಿಂದ ಜೋಡಿ ಕೂಡಿಸಿ, ಜೋಳದ ಕಾಳಿನ ಮೇಲೆ ಬಿತ್ತನೆ ಬೀಜ ಮಾಡಿ, ನಿಜವಾದ ಹುಲ್ಲಿನ ಮೇಲೆ ಬೆಳೆಸಿ ತೂಗಲೇಬೇಕು.

ತೂಗುವುದರಲ್ಲೂ ಎಚ್ಚರ ಬೇಕು. ಹಳೆಯ ತಳಿ ಸರಾಸರಿ 700 ಗ್ರಾಂ ಕೊಡುತ್ತದೆ, ಹೊಸ ತಳಿಯ ಒಂದು ಚೀಲ 850 ಗ್ರಾಂ ಕೊಟ್ಟಿತು ಎಂದುಕೊಳ್ಳಿ. ಹೊಸದು ಮೇಲೆಂದು ಸಾರಿಬಿಡೋಣವೆ? ಹಳೆಯ ತಳಿಯ ಹತ್ತು ಚೀಲ ತೂಗಿದಾಗ ಒಂದು 600, ಇನ್ನೊಂದು 820 ಬಂದಿರಬಹುದು. ಆಗ ಒಂದೇ ಚೀಲದ ಸಾಕ್ಷಿಗೆ ಬೆಲೆಯಿಲ್ಲ. ಹಳೆಯದನ್ನೂ ಹೊಸದನ್ನೂ ಒಂದೇ ಹುಲ್ಲಿನಲ್ಲಿ, ಒಂದೇ ಕೊಠಡಿಯಲ್ಲಿ, ಹಲವು ಚೀಲಗಳಲ್ಲಿ, ಬೇಸಿಗೆ ಮಳೆಗಾಲ ಎರಡರಲ್ಲೂ ಬೆಳೆದು ನೋಡಬೇಕು. ಗುಣ ಮುಂದಿನ ತಲೆಗಳಲ್ಲೂ ನಿಲ್ಲುತ್ತದೆಯೆ, ರುಚಿ ಕೆಟ್ಟಿಲ್ಲವೆ, ಎರಡು ದಿನ ಇಟ್ಟರೆ ಬಾಡುವುದಿಲ್ಲವೆ ಎಂದೂ ಪರೀಕ್ಷಿಸಬೇಕು. ಕಿರಣ ತಾಗಿಸುವುದು ನಿಮಿಷಗಳ ಕೆಲಸ, ಆರಿಸುವುದು ವರ್ಷಗಳ ಕೆಲಸ. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ 1983ರಲ್ಲಿ ಆರಂಭವಾದ ರಾಷ್ಟ್ರೀಯ ಅಣಬೆ ಸಂಶೋಧನಾ ಕೇಂದ್ರ, ಇಂದಿನ ಅಣಬೆ ಸಂಶೋಧನಾ ನಿರ್ದೇಶನಾಲಯ, ತಳಿಗಳನ್ನು ಕೂಡಿಡುವ ಹಾಗೂ ಪರೀಕ್ಷಿಸುವ ಕೆಲಸವನ್ನು ಮಾಡುತ್ತ ಬಂದಿದೆ.

ಪುಡಿ ಉದುರಿಸದ ಅಣಬೆ

ಈಗ ನಮ್ಮ ಮಂಡ್ಯದ ತಾಯಿಯ ಮಾತಿಗೆ ಬರೋಣ. ಒಂದು ಕಿಲೋ ಹುಲ್ಲಿಗೆ ಒಂದು ಕಿಲೋ ಅಣಬೆ ಕೊಡುವ ತಳಿ ಬಂತೆನ್ನಿ. ಅಣಬೆ ಹೆಚ್ಚಿದಷ್ಟೂ ಪುಡಿಯೂ ಹೆಚ್ಚು. ಕೀಳುವವರು ಹಾಸಿಗೆ ಹಿಡಿದರೆ ಆ ಇಳುವರಿಯನ್ನು ಕೊಯ್ಯುವವರು ಯಾರು? ಹಾಗಾಗಿ ಬೀಜಕ ಬಿಡದ ತಳಿಗಳಿಗಾಗಿ ಹುಡುಕಾಟ ನಡೆಯಿತು.

ಕೊಡೆ ಬಿಡಬೇಕು, ಆದರೆ ಬೀಜಕ ಬಿಡಬಾರದು. ಹೀಗೆ ಒಂದು ಕೆಲಸವನ್ನು ನಿಲ್ಲಿಸುವುದು ಉತ್ಪರಿವರ್ತನೆಗೆ ಹೇಳಿಮಾಡಿಸಿದ್ದು. ಇಳುವರಿ ಹೆಚ್ಚಬೇಕಾದರೆ ಅನೇಕ ಜೀನ್‌ಗಳು ಒಟ್ಟಾಗಿ ದುಡಿಯಬೇಕು. ಬೀಜಕ ನಿಲ್ಲಬೇಕಾದರೆ ಒಂದು ಜೀನ್ ಸುಮ್ಮನಾದರೂ ಸಾಕು. ನೆದರ್ಲೆಂಡ್ಸ್‌ನಲ್ಲಿ ಬೆಳೆಸಿದ ಬೀಜಕರಹಿತ ಚಿಪ್ಪು ಅಣಬೆಯೊಂದರಲ್ಲಿ, ಬೀಜಕ ಹುಟ್ಟುವ ಮುನ್ನ ನಡೆಯಬೇಕಾದ ಅರೆವಿಭಜನೆಗೆ ಬೇಕಾದ ಜೀನ್ ಒಂದು ಮುರಿದಿರುವುದನ್ನು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು.

ನಮ್ಮಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಉತ್ಪರಿವರ್ತನೆಯ ಮೂಲಕ ಬೀಜಕವಿಲ್ಲದ ಮತ್ತು ಕಡಿಮೆ ಬೀಜಕದ ಚಿಪ್ಪು ಅಣಬೆ ತಳಿಗಳನ್ನು ಪಡೆದು 2006ರಲ್ಲಿ ಅದನ್ನು ಪ್ರಕಟಿಸಿದರು.

ಆದರೆ ಇಲ್ಲೂ ಬಿಟ್ಟಿ ಲಾಭವಿಲ್ಲ. ಬೀಜಕ ನಿಂತ ಅಣಬೆಗಳಲ್ಲಿ ಎಷ್ಟೋ ಸಲ ಕೊಡೆಯ ಆಕಾರ ಸೊಟ್ಟಗಾಗುತ್ತದೆ, ಇಳುವರಿ ಇಳಿಯುತ್ತದೆ. ಬೀಜಕಕ್ಕೆ ಹೋಗುತ್ತಿದ್ದ ಸಾರವೆಲ್ಲ ಕೊಡೆಗೆ ಸೇರಿ ತೂಕ ಹೆಚ್ಚೀತು ಎಂದು ಊಹಿಸುವುದು ಸುಲಭ. ತಕ್ಕಡಿ ಒಪ್ಪುವವರೆಗೆ ಅದು ಊಹೆ ಮಾತ್ರ. ಆದ್ದರಿಂದ ಒಳ್ಳೆಯ ಇಳುವರಿಯ ತಳಿಯೊಡನೆ ಮತ್ತೆ ಮತ್ತೆ ಕೂಡಿಸಿ, ಎರಡೂ ಗುಣ ಒಂದೆಡೆ ಸೇರಿದ್ದನ್ನು ಹೆಕ್ಕಬೇಕಾಗುತ್ತದೆ. ಅಂಥ ತಳಿಯ ಬಿತ್ತನೆ ಬೀಜ ಸುಲಭವಾಗಿ ಕೈಗೆ ಸಿಗುವವರೆಗೆ ಬೆಳೆಗಾರರು ಮಾಡಬೇಕಾದದ್ದು ಇಷ್ಟು: ಕೊಡೆಯ ಅಂಚು ಮೇಲಕ್ಕೆ ತಿರುಗುವ ಮೊದಲೇ ಕೀಳುವುದು, ಕೀಳುವ ಮುನ್ನ ಕೊಠಡಿಗೆ ಗಾಳಿ ಆಡಿಸುವುದು, ಸರಿಯಾದ ಮುಖಗವಸು ಹಾಕುವುದು, ಕೆಮ್ಮು ಜ್ವರ ಮರುಕಳಿಸಿದರೆ ವೈದ್ಯರಿಗೆ 'ಅಣಬೆ ಕೆಲಸ ಮಾಡುತ್ತೇನೆ' ಎಂದು ತಪ್ಪದೆ ಹೇಳುವುದು.

ನಿಮ್ಮ ಪತ್ರಗಳಿಗೆ ಉತ್ತರ

'ಕಿರಣ ತಾಗಿಸಿದ ಅಣಬೆಯಲ್ಲಿ ವಿಕಿರಣ ಉಳಿಯುವುದಿಲ್ಲವೆ?' ಎಂದು ಹಲವರು ಕೇಳಿದ್ದೀರಿ. ಉಳಿಯುವುದಿಲ್ಲ. ನೇರಳಾತೀತ ಕಿರಣವಾಗಲಿ ಕೋಬಾಲ್ಟಿನ ಗಾಮಾ ಕಿರಣವಾಗಲಿ ಪದಾರ್ಥವನ್ನು ವಿಕಿರಣಶೀಲ ಮಾಡುವುದಿಲ್ಲ. ಅಲ್ಲದೆ ಕಿರಣ ತಾಗಿದ್ದು ನೀವು ತಿನ್ನುವ ಅಣಬೆಗಲ್ಲ, ಅನೇಕ ತಲೆಗಳ ಹಿಂದಿನ ಅದರ ಪೂರ್ವಜ ಬೀಜಕಕ್ಕೆ. ಹಾಗೆಂದು ಬದಲಾದದ್ದೆಲ್ಲ ತಾನಾಗಿ ಒಳ್ಳೆಯದೆಂದೂ ಅಲ್ಲ. ಆದ್ದರಿಂದಲೇ ರುಚಿ, ಪೋಷಕಾಂಶ, ಸುರಕ್ಷತೆಗಳ ಪರೀಕ್ಷೆ ಬೇಕು.

'ಇದು ಮತ್ತು ಜೀನ್ ತಿದ್ದುವಿಕೆ ಒಂದೇ ಏನು?' ಎಂಬುದು ಇನ್ನೊಂದು ಪ್ರಶ್ನೆ. ಒಂದೇ ಅಲ್ಲ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಯಿನಾಂಗ್ ಯಾಂಗ್ ಅವರ ಗುಂಡಿ ಅಣಬೆ ಸುದ್ದಿಯಾಯಿತು. ಕೊಯ್ದರೆ ಬೇಗ ಕಂದಾಗದಂತೆ ಮಾಡಲು, ಕಂದು ಬಣ್ಣ ತರುವ ಕಿಣ್ವದ ಜೀನನ್ನು ಕ್ರಿಸ್ಪರ್ ವಿಧಾನದಿಂದ ಗುರಿಯಿಟ್ಟು ತಿದ್ದಲಾಗಿತ್ತು. ಕಿರಣದ ವಿಧಾನದಲ್ಲಿ ಗುರಿಯಿಲ್ಲ, ಆಯ್ಕೆ ಮಾತ್ರ ಇದೆ. ಆದರೆ ಯಾವ ಜೀನ್ ತಿದ್ದಬೇಕೆಂದೇ ತಿಳಿಯದಿದ್ದಾಗ ಗುರಿ ಎಲ್ಲಿಗೆ ಇಡುವುದು? ಆಗ ಹಳೆಯ ವಿಧಾನವೇ ದಾರಿ ತೋರುತ್ತದೆ.

ನೀವೇ ಮಾಡಿ ನೋಡಿ

ನೇರಳಾತೀತ ದೀಪದ ಪ್ರಯೋಗವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅದು ಕಣ್ಣಿಗೂ ಚರ್ಮಕ್ಕೂ ಅಪಾಯ. ಆದರೆ ಬೀಜಕಗಳನ್ನು ನೋಡಲು ಯಾವ ಯಂತ್ರವೂ ಬೇಡ. ಮಾರುಕಟ್ಟೆಯಿಂದ ತಂದ ಹೊಸ ಚಿಪ್ಪು ಅಣಬೆಯ ಒಂದು ಬಲಿತ ಕೊಡೆಯ ಕಾಂಡ ಕತ್ತರಿಸಿ, ಕಿವಿರು ಕೆಳಗೆ ಮಾಡಿ ಕಪ್ಪು ಕಾಗದದ ಮೇಲೆ ಇಡಿ. ಮೇಲೆ ಗಾಜಿನ ಲೋಟ ಬೋರಲು ಹಾಕಿ. ಮರುದಿನ ಬೆಳಿಗ್ಗೆ ಕೊಡೆಯನ್ನು ಮೆಲ್ಲಗೆ ಎತ್ತಿ. ಕಾಗದದ ಮೇಲೆ ಕಿವಿರುಗಳ ಗೆರೆ ಗೆರೆಯ ಬಿಳಿ ಅಚ್ಚು ಮೂಡಿರುತ್ತದೆ. ಆಟದ ಬಯಲಿನಲ್ಲಿ ಎದ್ದ ಕಾಡಣಬೆಯನ್ನು ಮಾತ್ರ ತರಬೇಡಿ, ತಿನ್ನಲೂ ಬೇಡಿ. ವಿಷದ ಅಣಬೆಗೂ ತಿನ್ನುವ ಅಣಬೆಗೂ ಸುಲಭದ ಗುರುತಿಲ್ಲ.

ಆ ಅಚ್ಚನ್ನು ನೋಡಿದಾಗ ಲೆಕ್ಕ ಹಾಕಿ: ಒಂದು ಕೊಡೆಯಿಂದ ಒಂದು ರಾತ್ರಿಯಲ್ಲಿ ಇಷ್ಟು ಪುಡಿ. ನೂರು ಚೀಲಗಳ ಕೊಠಡಿಯಲ್ಲಿ ಎಷ್ಟು? ಕಾಗದದ ಮೇಲೆ ಅಚ್ಚು ಮೂಡಬಾರದು, ತಕ್ಕಡಿಯಲ್ಲಿ ತೂಕ ಇಳಿಯಬಾರದು. ಇವೆರಡೂ ಒಂದೇ ತಳಿಯಲ್ಲಿ ಸೇರಿ, ಅದರ ಬೀಜ ಹಳ್ಳಿಯ ಸಂಘದ ಕೈಗೆ ತಲುಪಬೇಕು. ನಿಮ್ಮಲ್ಲಿ ಯಾರಾದರೂ ಮುಂದೆ ಜೀವವಿಜ್ಞಾನ ಓದಿ ಕೈ ಹಾಕಬಹುದಾದ ಕೆಲಸ ಇದು.